ಇಳಿಜಾರಿಗೆ ತಯಾರಿ: ಆಲ್ಪ್ಸ್‌ನಲ್ಲಿ ಮೊದಲ ಮೌಂಟನ್ ಬೈಕ್ (ಎಂಟಿಬಿ) ವಾರ

ಬೆಂಗಳೂರಿನ ಸೈಕಲ್ ಸವಾರರು ಆಲ್ಪ್ಸ್‌ಗೆ ಟಿಕೆಟ್ ಮಾಡಿಸಿದ ಮೇಲೆ ಮೊದಲು ಮಾಡುವ ಕೆಲಸ ನಂದಿ ಬೆಟ್ಟ ಹತ್ತುವುದು. ಶನಿವಾರ ಒಂದು ಸಲ, ಭಾನುವಾರ ಎರಡು ಸಲ. ಕಾಲಿಗೆ ಬಲ ಬರುತ್ತದೆ, ಉಸಿರು ಪಳಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಫ್ರಾನ್ಸಿನ ಮೋರ್ಜಿನ್‌ನಂಥ ಊರಿನಲ್ಲಿ ಬೆಟ್ಟ ಹತ್ತಿಸುವುದು ಲಿಫ್ಟ್, ಅಂದರೆ ರೋಪ್‌ವೇ. ನಿಮ್ಮ ಪಾಲಿಗೆ ಉಳಿಯುವುದು ಇಳಿಯುವ ಕೆಲಸ. ಊರಿನಿಂದಲೇ ಏಳುವ ಪ್ಲೆನೆ ಲಿಫ್ಟಿನ ಬುಡಕ್ಕೂ ತುದಿಗೂ ಸುಮಾರು 500 ಮೀಟರ್ ಎತ್ತರದ ವ್ಯತ್ಯಾಸವಿದೆ. ದಿನಕ್ಕೆ ಎಂಟು ಸಲ ಇಳಿದರೆ 4,000 ಮೀಟರ್. ನಂದಿಯನ್ನು ತುದಿಯಿಂದ ಬುಡದವರೆಗೆ ಎಂಟೊಂಬತ್ತು ಸಲ ಇಳಿದ ಲೆಕ್ಕ, ಅದೂ ಡಾಂಬರಿನ ಜಾಗದಲ್ಲಿ ಬೇರು, ಕಲ್ಲು, ಗುಂಡಿ ಇಟ್ಟು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಕಾಲು ಇನ್ನೂ ಗಟ್ಟಿಯಾಗಿರುತ್ತದೆ. ಕೈಕೊಡುವುದು ಕೈಯೇ. ಮುಂಗೈ ಮರಗಟ್ಟಿ, ಬೆರಳು ಮಡಚಲು ಬಾರದೆ, ಬ್ರೇಕ್ ಒತ್ತಬೇಕೆಂದರೂ ಒತ್ತಲಾಗದ ಸ್ಥಿತಿ.

ಹಾಗಾಗಿ ಈ ಬರಹದಲ್ಲಿ ಕಾಲಿನ ಬಗ್ಗೆ ಕಡಿಮೆ, ಕೈ ಮತ್ತು ಬ್ರೇಕಿನ ಬಗ್ಗೆ ಜಾಸ್ತಿ.

ಎಲ್ಲಿಗೆ, ಯಾವಾಗ

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಎರಡೂ ಮಗ್ಗುಲಿಗೆ ಹರಡಿಕೊಂಡಿರುವ ಪೋರ್ಟ್ ದ್ಯು ಸೊಲೇ ಪ್ರದೇಶವನ್ನೇ ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. 'ಸೂರ್ಯನ ಬಾಗಿಲುಗಳು' ಎಂದು ಆ ಹೆಸರಿನ ಅರ್ಥ. ಚಳಿಗಾಲದಲ್ಲಿ ಸ್ಕೀ ಆಡುವವರನ್ನು ಹೊರುವ ಲಿಫ್ಟುಗಳೇ ಬೇಸಿಗೆಯಲ್ಲಿ ಸೈಕಲ್ ಹೊರುತ್ತವೆ. ಫ್ರಾನ್ಸ್ ಕಡೆ ಮೋರ್ಜಿನ್, ಲೆ ಜೆ, ಅವೊರಿಯಾ, ಶಾಟೆಲ್. ಸ್ವಿಸ್ ಕಡೆ ಶಾಂಪೆರಿ, ಲೆ ಕ್ರೋಸೆ, ಮೋರ್ಜಾನ್. ಇಡೀ ಪ್ರದೇಶಕ್ಕೆ ಅನ್ವಯಿಸುವ ಒಂದೇ ಪಾಸ್ ಸಿಗುತ್ತದೆ, ಒಂದು ಊರಿನ ಲಿಫ್ಟುಗಳಿಗೆ ಮಾತ್ರ ಸಾಲುವ ಅಗ್ಗದ ಪಾಸೂ ಇದೆ. ಮೊದಲ ಎರಡು ದಿನಕ್ಕೆ ಅಗ್ಗದ್ದೇ ಸಾಕು.

ಮೊದಲ ಸಲಕ್ಕೆ ಈ ಜಾಗವನ್ನೇ ಹೇಳಲು ಕಾರಣವಿದೆ. ಜಿನೀವಾ ವಿಮಾನ ನಿಲ್ದಾಣದಿಂದ ವ್ಯಾನಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಊರ ತುಂಬ ಬಾಡಿಗೆ ಸೈಕಲ್, ರಿಪೇರಿ ಅಂಗಡಿಗಳು. ಸುಲಭದ ಟ್ರೇಲ್ (ಸೈಕಲ್ ಇಳಿಯುವ ಮಣ್ಣು ದಾರಿ) ಮತ್ತು ಎದೆ ನಡುಗಿಸುವ ಟ್ರೇಲ್ ಒಂದೇ ಲಿಫ್ಟಿನಿಂದ ಶುರುವಾಗುತ್ತವೆ, ಆದ್ದರಿಂದ ಜೊತೆಗೆ ಬಂದವರಲ್ಲಿ ಒಬ್ಬರು ಪಳಗಿದವರು, ಒಬ್ಬರು ಹೊಸಬರು ಇದ್ದರೂ ದಿನ ಹಾಳಾಗುವುದಿಲ್ಲ. ಎತ್ತರದ ಚಿಂತೆಯೂ ಇಲ್ಲ: ಮೋರ್ಜಿನ್ ಇರುವುದು ಸುಮಾರು 1,000 ಮೀಟರಿನಲ್ಲಿ, ನಮ್ಮ ಬೆಂಗಳೂರಿಗಿಂತ ಸ್ವಲ್ಪ ಮೇಲೆ. ಟ್ರೇಲುಗಳ ತಲೆ 2,000 ಮೀಟರಿನ ಆಸುಪಾಸು. ಲೇಹ್‌ಗೆ ಹೋದಾಗಿನ ಹಾಗೆ ಎರಡು ದಿನ ಸುಮ್ಮನೆ ಮಲಗಿ ಮೈ ಹೊಂದಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಗಡಿಯಾರದ ವ್ಯತ್ಯಾಸವೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಷ್ಟೆ.

ಕಾಲ ಯಾವುದು ಎನ್ನುವುದರಲ್ಲಿ ಹೊಸಬರು ಎಡವುತ್ತಾರೆ. ಸೈಕಲ್ ಸೀಸನ್ ಸಾಮಾನ್ಯವಾಗಿ ಜೂನ್ ಕೊನೆಯ ಭಾಗದಿಂದ ಸೆಪ್ಟೆಂಬರಿನ ಮೊದಲ ಭಾಗದವರೆಗೆ. ಆದರೆ ಎಲ್ಲ ಲಿಫ್ಟುಗಳೂ ಒಂದೇ ದಿನ ತೆರೆದು ಒಂದೇ ದಿನ ಮುಚ್ಚುವುದಿಲ್ಲ. ಎರಡು ಕಣಿವೆಗಳನ್ನು ಸೇರಿಸುವ ಒಂದು ಲಿಫ್ಟ್ ಬಂದ್ ಆಗಿದ್ದರೆ ದೊಡ್ಡ ಸುತ್ತು ಅಲ್ಲಿಗೇ ನಿಂತಿತು. ವಿಮಾನದ ಟಿಕೆಟ್ ತೆಗೆಯುವ ಮುನ್ನ ಆ ವರ್ಷದ ಲಿಫ್ಟ್ ವೇಳಾಪಟ್ಟಿಯನ್ನು ಒಂದೊಂದಾಗಿ ನೋಡಿ. ನನ್ನ ಮತ ಜುಲೈ ಮೊದಲ ಎರಡು ವಾರಗಳಿಗೆ. ಬಹುಪಾಲು ಲಿಫ್ಟ್ ತೆರೆದಿರುತ್ತವೆ, ಜುಲೈ 14ರ ರಾಷ್ಟ್ರೀಯ ದಿನದ ನಂತರ ಬರುವ ಫ್ರೆಂಚ್ ಕುಟುಂಬಗಳ ಜಾತ್ರೆ ಇನ್ನೂ ಶುರುವಾಗಿರುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಟ್ರೇಲುಗಳು ಇನ್ನೂ ಕಿತ್ತುಹೋಗಿರುವುದಿಲ್ಲ. ಆಗಸ್ಟ್ ಬರುವಷ್ಟರಲ್ಲಿ ಪ್ರತಿ ತಿರುವಿನ ಮುಂದೆ ಸಾವಿರಾರು ಟೈರುಗಳು ಬ್ರೇಕ್ ಹಾಕಿ ಹಾಕಿ ನೆಲ ಅಲೆ ಅಲೆಯಾಗಿ ಎದ್ದಿರುತ್ತದೆ. ಹಳ್ಳಿಯ ಮಣ್ಣು ರಸ್ತೆಯಲ್ಲಿ ಬಸ್ಸು ನಿಲ್ಲುವ ಕಡೆ ಏಳುತ್ತದಲ್ಲ, ಅದೇ. ಇಂಗ್ಲಿಷಿನಲ್ಲಿ ಅದಕ್ಕೆ ಬ್ರೇಕಿಂಗ್ ಬಂಪ್ ಎನ್ನುತ್ತಾರೆ, ಮೋರ್ಜಿನ್ ಅದಕ್ಕೇ ಹೆಸರುವಾಸಿ. ಕೈ ಸೋಲಿಸುವುದರಲ್ಲಿ ಬೇರು, ಕಲ್ಲಿಗಿಂತ ಅದರ ಪಾಲೇ ದೊಡ್ಡದು.

ಕಾಗದಪತ್ರ, ವಿಮೆ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡವಾಗಿ ಹಾಕುವಂತಿಲ್ಲ. ಜುಲೈ ಪ್ರಯಾಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರೂ ಮುಗಿಬೀಳುವುದರಿಂದ ಫೆಬ್ರವರಿ, ಮಾರ್ಚಿನಲ್ಲೇ ಸಮಯ ಕಾದಿರಿಸಿ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಇಲ್ಲಿ ಗೊಂದಲ ಆಗುವುದು ಒಂದೇ ಕಡೆ: ವಿಮಾನ ಇಳಿಯುವುದು ಜಿನೀವಾದಲ್ಲಿ, ಅಂದರೆ ಸ್ವಿಟ್ಜರ್ಲೆಂಡಿನಲ್ಲಿ, ಮಲಗುವುದು ಮೋರ್ಜಿನ್‌ನಲ್ಲಿ, ಅಂದರೆ ಫ್ರಾನ್ಸಿನಲ್ಲಿ. ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ. ಹಾಗಾಗಿ ಫ್ರೆಂಚ್ ವೀಸಾ. ಸ್ವಿಟ್ಜರ್ಲೆಂಡೂ ಷೆಂಗೆನ್ ಒಳಗೇ ಇರುವುದರಿಂದ ಅದೇ ವೀಸಾದಲ್ಲಿ ಜಿನೀವಾದಲ್ಲಿ ಇಳಿಯಬಹುದು, ಬೆಟ್ಟದ ಮೇಲೆ ಗಡಿ ದಾಟಿ ಶಾಂಪೆರಿಗೂ ಇಳಿಯಬಹುದು. ಟ್ರೇಲಿನ ಮೇಲೆ ಗಡಿ ಎಂದರೆ ಒಂದು ಕಲ್ಲು, ಒಂದು ಬೋರ್ಡು. ಆದರೂ ಆ ಕಡೆ ಹೋಗುವ ದಿನ ಪಾಸ್‌ಪೋರ್ಟ್ ನೀರು ಸೋಕದ ಚೀಲದಲ್ಲಿ ಜೊತೆಗಿರಲಿ.

ವಿಮೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರುವ ಪಾಲಿಸಿ ಕೇಳುತ್ತಾರೆ, ಟ್ರಾವೆಲ್ ಏಜೆಂಟ್ ಅಗ್ಗದ್ದೊಂದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅದು ಕಾನ್ಸುಲೇಟಿಗೆ ಸಾಕು, ಬೆಟ್ಟಕ್ಕೆ ಸಾಲದು. ಇಂಥ ಪಾಲಿಸಿಗಳಲ್ಲಿ ಬಹಳಷ್ಟು 'ಸಾಹಸ ಕ್ರೀಡೆ'ಯನ್ನು ಹೊರಗಿಟ್ಟಿರುತ್ತವೆ. ಇನ್ನು ಕೆಲವು ಸೈಕಲ್ ಸವಾರಿಯನ್ನು ಒಳಗೊಂಡರೂ ಡೌನ್‌ಹಿಲ್ ಅಂದರೆ ಬಾಗಿಲು ಹಾಕುತ್ತವೆ. ಲಿಫ್ಟಿನಲ್ಲಿ ಹತ್ತಿ ಬೈಕ್ ಪಾರ್ಕಿನಲ್ಲಿ ಇಳಿಯುವುದು ಒಳಗೊಂಡಿದೆಯೇ, ಬೆಟ್ಟದಿಂದ ಕೆಳಗೆ ತರುವ ಖರ್ಚು ಮತ್ತು ಹೆಲಿಕಾಪ್ಟರ್ ಖರ್ಚು ಸೇರಿದೆಯೇ, ಸ್ವಿಟ್ಜರ್ಲೆಂಡಿನಲ್ಲಿ ಬಿದ್ದರೂ ನಡೆಯುತ್ತದೆಯೇ: ಈ ಮೂರನ್ನು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದು ಇಟ್ಟುಕೊಳ್ಳಿ. ಫೋನಿನಲ್ಲಿ 'ಆಗುತ್ತೆ ಸಾರ್' ಅಂದಿದ್ದಕ್ಕೆ ಬೆಲೆಯಿಲ್ಲ. ತುರ್ತಿಗೆ ಎರಡೂ ದೇಶಗಳಲ್ಲಿ 112 ನಡೆಯುತ್ತದೆ.

ನಿಮ್ಮ ಸೈಕಲ್ಲೋ, ಬಾಡಿಗೆಯದೋ

ಮೊದಲ ಸಲಕ್ಕೆ ಬಾಡಿಗೆ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು 100 ಅಥವಾ 120 ಮಿಲಿಮೀಟರ್ ಕುಗ್ಗುವ ಫೋರ್ಕಿನ (ಮುಂಚಕ್ರ ಹಿಡಿದಿರುವ ಶಾಕಿನ ಕವೆ) ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕ್ ಇಲ್ಲದ ಸೈಕಲ್. ತುರಹಳ್ಳಿಯಂಥ ಕಡೆಗೆ, ಚಿಕ್ಕಬಳ್ಳಾಪುರದ ಗುಡ್ಡದ ದಾರಿಗಳಿಗೆ ಅದು ಚೆನ್ನ. ಆಲ್ಪ್ಸ್‌ನಲ್ಲಿ ನೀಲಿ, ಅಂದರೆ ಸುಲಭದ, ಟ್ರೇಲಿನಲ್ಲಿ ಅದರಲ್ಲೇ ಒಂದು ದಿನ ತಳ್ಳಬಹುದು. ಆರು ದಿನ ಅಂದರೆ ಹಿಂದಿನ ಚಕ್ರದ ಪ್ರತಿ ಹೊಡೆತವೂ ಕಣಕಾಲು, ಸೊಂಟ, ಕೊನೆಗೆ ಅಂಗೈಗೆ ಬರುತ್ತದೆ. ಬೇಕಾದದ್ದು ಮುಂದೆ 160ರಿಂದ 170 ಮಿ.ಮೀ. ಫೋರ್ಕ್ ಇರುವ, ಹಿಂದೆಯೂ ಶಾಕ್ ಇರುವ ಎಂಡ್ಯೂರೋ ಸೈಕಲ್. ಅದಕ್ಕೂ ಮೇಲಿನ 200 ಮಿ.ಮೀ. ಡೌನ್‌ಹಿಲ್ ಸೈಕಲ್ಲನ್ನು ಅಂಗಡಿಯವರು ಆಸೆ ತೋರಿಸಿದರೂ ಬೇಡ. ಅದನ್ನು ಪೆಡಲ್ ಮಾಡಿ ಏರು ಹತ್ತಲಾಗದು, ಒಂದು ಲಿಫ್ಟಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ದಾರಿಗಳಲ್ಲೂ ತಳ್ಳಿಕೊಂಡೇ ಹೋಗಬೇಕು.

ಬಾಡಿಗೆಗೆ ಮುಂಗಡ ಕಾದಿರಿಸುವಾಗ ನಿಮ್ಮ ಎತ್ತರ, ತೂಕ ಎರಡನ್ನೂ ಬರೆಯಿರಿ. ಎಸ್, ಎಂ ಅಳತೆಯ ಒಳ್ಳೆಯ ಸೈಕಲ್ಲುಗಳು ಬೇಗ ಖಾಲಿಯಾಗುತ್ತವೆ, ನಮ್ಮಲ್ಲಿ ಬಹಳ ಜನ ಬೀಳುವುದು ಅದೇ ಅಳತೆಗೆ. ಠೇವಣಿಗೆ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ತಡೆಹಿಡಿಯುತ್ತಾರೆ, ಆ ಮಿತಿ ಕಾರ್ಡಿನಲ್ಲಿ ಇರಲಿ, ವಿದೇಶಿ ವಹಿವಾಟು ಮೊದಲೇ ಚಾಲೂ ಮಾಡಿಸಿರಿ. ಸೈಕಲ್ ಕೈಗೆ ಬಂದ ತಕ್ಷಣ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ: ರಿಮ್ಮಿನ ಅಂಚು, ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ), ಫೋರ್ಕಿನ ಹೊಳೆಯುವ ಕಾಲುಗಳು, ಫ್ರೇಮಿನ ಕೆಳಹೊಟ್ಟೆ. ವಾರದ ಕೊನೆಗೆ ಜಗಳ ಬರುವುದು ಈ ನಾಲ್ಕು ಜಾಗದಲ್ಲೇ.

ಸ್ವಂತ ಸೈಕಲ್ಲನ್ನೇ ಒಯ್ಯುವವರಿಗೆ ನಾಲ್ಕು ಮಾತು. ಪೆಟ್ಟಿಗೆ ಸಮೇತ 23 ಕೆ.ಜಿ. ದಾಟದಂತೆ ನೋಡಿಕೊಳ್ಳುವುದೇ ದೊಡ್ಡ ಸರ್ಕಸ್ಸು. ಎರಡೂ ಡಿಸ್ಕ್ ರೋಟರ್ (ಬ್ರೇಕಿನ ಉಕ್ಕಿನ ತಟ್ಟೆ) ಬಿಚ್ಚಿ ಹಲಗೆ ನಡುವೆ ಇಡಿ. ಬಿಚ್ಚದಿದ್ದರೆ ಬಾಗಿ ಬಂದಾವು. ಚಕ್ರ ತೆಗೆದ ಮೇಲೆ ಕ್ಯಾಲಿಪರ್ (ರೋಟರನ್ನು ಹಿಡಿದೊತ್ತುವ ಭಾಗ) ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಇಲ್ಲವಾದರೆ ಪೆಟ್ಟಿಗೆಯೊಳಗೆ ಲಿವರ್ ಒತ್ತಿಕೊಂಡು ಪಿಸ್ಟನ್‌ಗಳು ಹೊರಬಂದು ನಿಂತಿರುತ್ತವೆ. ಡಿರೇಲರನ್ನು ಹ್ಯಾಂಗರಿನಿಂದ (ಅದನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಕಳಚಿ ಬಬಲ್ ರ‍್ಯಾಪಿನಲ್ಲಿ ಸುತ್ತಿ ಚೈನ್‌ಸ್ಟೇಗೆ ಕಟ್ಟಿ. ನಿಮ್ಮ ಫ್ರೇಮಿಗೆ ಸರಿಹೊಂದುವ ಹ್ಯಾಂಗರ್ ಒಂದು ಹೆಚ್ಚಿಗೆ ಇರಲೇಬೇಕು, ಫ್ರೇಮಿನಿಂದ ಫ್ರೇಮಿಗೆ ಅದು ಬೇರೆ, ಅಲ್ಲಿ ಸಿಗದೆ ಹೋದರೆ ಎರಡು ದಿನ ಕಾಲು ಚಾಚಿ ಕೂರುವುದೇ. ಬಿಡಿಸುವಾಗ ನೆನಪಿರಲಿ: ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ. ಟೈರಿಗೆ ಅಂಟಿದ ಮಣ್ಣು ತೊಳೆದೇ ಪೆಟ್ಟಿಗೆಗೆ ಹಾಕಿ. ಇ-ಬೈಕ್ ಒಯ್ಯುವ ಯೋಚನೆ ಬಿಟ್ಟುಬಿಡಿ. 160 ವಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ, ಇ-ಬೈಕಿನದು ಅದರ ಮೂರು ನಾಲ್ಕು ಪಟ್ಟು ಇರುತ್ತದೆ.

ಬ್ರೇಕ್

ಒಂದು ಸಣ್ಣ ಲೆಕ್ಕ ನೋಡಿ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 95 ಕೆ.ಜಿ. ಪ್ಲೆನೆಯಿಂದ 500 ಮೀಟರ್ ಇಳಿದಾಗ ಕಳೆಯಬೇಕಾದ ಶಕ್ತಿ ಸುಮಾರು 465 ಕಿಲೋಜೌಲ್. 1.4 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಗಾಳಿ, ಟೈರು, ಶಾಕ್ ಒಂದಷ್ಟು ತಿನ್ನುತ್ತವೆ, ಉಳಿದ ದೊಡ್ಡ ಪಾಲು ಎರಡು ತೆಳು ಉಕ್ಕಿನ ತಟ್ಟೆಗಳ ಮೂಲಕವೇ ಹೊರಹೋಗಬೇಕು. ಹೊಸಬರು ಹೆದರಿಕೆಯಿಂದ ಮೇಲಿನಿಂದ ಕೆಳಗಿನ ತನಕ ಎರಡೂ ಲಿವರನ್ನು ಅರ್ಧ ಒತ್ತಿಕೊಂಡೇ ಇಳಿಯುತ್ತಾರೆ. ರೋಟರಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಪ್ಯಾಡಿನ ಮೈ ಗಾಜಿನಂತೆ ನುಣುಪಾಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ, ಆಗ ಇನ್ನೂ ಜೋರಾಗಿ ಒತ್ತುತ್ತಾರೆ, ಮುಂಗೈ ಸೋಲುತ್ತದೆ. ಕಾವು ಕ್ಯಾಲಿಪರಿನೊಳಗಿನ ಎಣ್ಣೆಗೆ ತಲುಪಿ ಅದು ಕುದಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಕೈ ಸೋಲುವುದೂ ಬ್ರೇಕ್ ಸೋಲುವುದೂ ಒಂದೇ ತಪ್ಪಿನಿಂದ.

ಬಾಡಿಗೆ ಸೈಕಲ್ಲಿನಲ್ಲಿ ನೋಡಬೇಕಾದ್ದು: ನಾಲ್ಕು ಪಿಸ್ಟನ್ ಕ್ಯಾಲಿಪರ್, ಮುಂದೆ 200 ಅಥವಾ 203 ಮಿ.ಮೀ. ರೋಟರ್. ಹಿಂದೆಯೂ ಅಷ್ಟೇ ಇದ್ದರೆ ಒಳ್ಳೆಯದು. ಪ್ಯಾಡ್ ಎಷ್ಟು ಉಳಿದಿದೆ ಎಂದು ಟಾರ್ಚ್ ಬಿಟ್ಟು ನೋಡಿ. ಉಜ್ಜುವ ಪದರ 1 ಮಿ.ಮೀ.ಗೆ ಇಳಿದಿದ್ದರೆ ಅಲ್ಲೇ ಬದಲಿಸಿ ಕೊಡಲು ಕೇಳಿ, ಸಂಕೋಚ ಬೇಡ. ಪ್ಯಾಡಿನಲ್ಲಿ ಎರಡು ಜಾತಿ. ರೆಸಿನ್ ಪ್ಯಾಡ್ ಸದ್ದಿಲ್ಲದೆ, ತಣ್ಣಗಿದ್ದಾಗಲೇ ಚೆನ್ನಾಗಿ ಕಚ್ಚುತ್ತದೆ, ಆದರೆ ಮಳೆ ಬಂದು ಮರಳು ಮೆತ್ತಿದ ದಿನ ಕಣ್ಣೆದುರೇ ಕರಗುತ್ತದೆ. ಮೆಟಲ್ ಪ್ಯಾಡ್ ಕಿರುಚುತ್ತದೆ, ಒದ್ದೆಯಲ್ಲೂ ಉದ್ದ ಇಳಿಜಾರಿನಲ್ಲೂ ಬಾಳುತ್ತದೆ. ಆಲ್ಪ್ಸ್‌ಗೆ ಮೆಟಲ್. ಒಂದು ಎಚ್ಚರ: ಅಗ್ಗದ ಕೆಲವು ರೋಟರುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಅಚ್ಚಾಗಿರುತ್ತದೆ, ಅದಕ್ಕೆ ಮೆಟಲ್ ಹಾಕಿದರೆ ರೋಟರೇ ಸವೆದುಹೋಗುತ್ತದೆ. ಸ್ವಂತ ಸೈಕಲ್ಲಿನವರು ಮುಂದಕ್ಕೆ ಒಂದು ಜೊತೆ, ಹಿಂದಕ್ಕೆ ಒಂದು ಜೊತೆ ಹೆಚ್ಚಿಗೆ ಒಯ್ಯಿರಿ. ಕ್ಯಾಲಿಪರಿನ ಮಾದರಿಯಿಂದ ಮಾದರಿಗೆ ಪ್ಯಾಡಿನ ಆಕಾರ ಬೇರೆ. ಎಣ್ಣೆಯ ವಿಚಾರದಲ್ಲಿ ಮಿನರಲ್ ಆಯಿಲ್ ಬೇಡುವ ಬ್ರೇಕಿಗೆ ಡಾಟ್ ಫ್ಲೂಯಿಡ್ (ಇನ್ನೊಂದು ಬಗೆಯ ಬ್ರೇಕ್ ದ್ರವ) ಹಾಕಿದರೆ ಸೀಲುಗಳು ಊದಿಕೊಂಡು ಬ್ರೇಕ್ ಕೆಡುತ್ತದೆ. ತಿರುಗುಮುರುಗಾದರೂ ಅದೇ ಕಥೆ.

ಹೊಸ ಪ್ಯಾಡ್ ಹಾಕಿದ ಮೇಲೆ ನೇರ ಟ್ರೇಲಿಗೆ ಹೋಗುವಂತಿಲ್ಲ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗ ತೆಗೆದುಕೊಂಡು ನಡಿಗೆಯ ವೇಗಕ್ಕೆ ಬರುವಷ್ಟು ಬ್ರೇಕ್ ಹಾಕಿ, ಚಕ್ರ ಲಾಕ್ ಆಗದಂತೆ, ಪೂರ್ತಿ ನಿಲ್ಲದಂತೆ. ಹೀಗೆ ಒಂದೊಂದು ಬ್ರೇಕಿಗೂ ಇಪ್ಪತ್ತು ಸಲ. ಪ್ಯಾಡಿನ ತೆಳು ಪದರ ರೋಟರಿನ ಮೇಲೆ ಸಮನಾಗಿ ಕೂತಾಗಲೇ ಹಿಡಿತ ಬರುವುದು. ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವ ಅಭ್ಯಾಸವಿದ್ದರೆ ಇಲ್ಲಿಗೇ ಬಿಡಿ: ಒಂದು ಹನಿ ರೋಟರಿಗೆ ಸಿಡಿದರೆ ಪ್ಯಾಡ್ ಕಸದ ಬುಟ್ಟಿಗೆ.

ಇನ್ನು ಎಡ, ಬಲದ ವಿಷಯ. ನಮ್ಮಲ್ಲಿ ಅನೇಕ ಸೈಕಲ್ಲುಗಳಲ್ಲಿ ಮೋಟಾರ್ ಬೈಕಿನ ಹಾಗೆ ಮುಂದಿನ ಬ್ರೇಕ್ ಬಲಗೈಯಲ್ಲಿ. ಫ್ರಾನ್ಸಿನಲ್ಲಿ ಮುಂದಿನದು ಎಡಗೈಯಲ್ಲಿ. ಗಾಬರಿಯಾದಾಗ ಬುದ್ಧಿ ಕೆಲಸ ಮಾಡುವುದಿಲ್ಲ, ರೂಢಿ ಕೆಲಸ ಮಾಡುತ್ತದೆ. ಹಿಂದಿನದು ಎಂದುಕೊಂಡು ಮುಂದಿನದನ್ನು ಹಿಸುಕಿದರೆ ಹ್ಯಾಂಡಲ್ ಮೇಲಿಂದ ಹಾರುವುದೇ. ಅಂಗಡಿಯವರನ್ನು ಕೇಳಿದರೆ ಕೆಲವರು ಅದಲುಬದಲು ಮಾಡಿಕೊಡುತ್ತಾರೆ. ಅದಕ್ಕಿಂತ ಹೊರಡುವ ಎರಡು ತಿಂಗಳು ಮೊದಲೇ ನಿಮ್ಮ ಸೈಕಲ್ಲಿನಲ್ಲಿ ಬದಲಿಸಿಕೊಂಡು ರೂಢಿ ಮಾಡಿಕೊಳ್ಳುವುದು ಲೇಸು.

ಲಿವರಿನ ಜಾಗವನ್ನೂ ಸರಿಮಾಡಿಕೊಳ್ಳಿ. ಕ್ಲಾಂಪ್ ಸಡಿಲಿಸಿ ಲಿವರನ್ನು ಹ್ಯಾಂಡಲಿನ ಒಳಭಾಗಕ್ಕೆ ಸರಿಸಬೇಕು, ತೋರುಬೆರಳು ಒಂದೇ ಲಿವರಿನ ತುದಿಯ ಕೊಕ್ಕೆಯಲ್ಲಿ ಕೂರುವಷ್ಟು. ಉಳಿದ ಮೂರು ಬೆರಳು ಹಿಡಿ ಬಿಡಬಾರದು. ಎರಡು ಬೆರಳಲ್ಲಿ ಬ್ರೇಕ್ ಒತ್ತುವವರ ಕೈ ಮೊದಲು ಸೋಲುತ್ತದೆ. ಲಿವರ್ ಅಷ್ಟು ದೂರ ಅನ್ನಿಸಿದರೆ ರೀಚ್ ಸ್ಕ್ರೂ ತಿರುಗಿಸಿ ಹತ್ತಿರ ತನ್ನಿ. ಸಣ್ಣ ಕೈಯವರಿಗೆ ಇದೊಂದೇ ಬದಲಾವಣೆ ಅರ್ಧ ದಿನದ ಹೆಚ್ಚಿನ ಸವಾರಿ ಕೊಡುತ್ತದೆ.

ಶಾಕ್, ಟೈರು

ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದಾಗ ಬಟ್ಟೆ, ಹೆಲ್ಮೆಟ್, ನೀರಿನ ಚೀಲ ಸೇರಿಸಿಯೇ ಹೇಳಿ. ಮೈತೂಕ 70 ಇದ್ದರೆ 76 ಎನ್ನಿ. ಗಾಳಿ ಹಾಕಿದ ಮೇಲೆ ನೀವೇ ಪರೀಕ್ಷಿಸಬಹುದು: ಪೂರ್ತಿ ಸಜ್ಜಾಗಿ ಪೆಡಲಿನ ಮೇಲೆ ನಿಂತಾಗ 160 ಮಿ.ಮೀ. ಫೋರ್ಕ್ ಸುಮಾರು 32 ಮಿ.ಮೀ. ತಗ್ಗಬೇಕು, ಅಂದರೆ 20 ಪರ್ಸೆಂಟ್. ಹಿಂದಿನ ಶಾಕಿನ ಚಲನೆ 60 ಮಿ.ಮೀ. ಇದ್ದರೆ 18 ಮಿ.ಮೀ., ಅಂದರೆ 30 ಪರ್ಸೆಂಟ್. ಶಾಕಿನ ಕಾಲ ಮೇಲಿರುವ ರಬ್ಬರ್ ಉಂಗುರ ಎಲ್ಲಿಗೆ ಸರಿಯಿತು ಎಂದು ನೋಡಿದರಾಯಿತು. ರಿಬೌಂಡ್ (ತಗ್ಗಿದ ಶಾಕ್ ಮತ್ತೆ ಏಳುವ ವೇಗ) ತೀರಾ ನಿಧಾನ ಇಟ್ಟರೆ ಆ ಬ್ರೇಕಿಂಗ್ ಬಂಪುಗಳ ಮೇಲೆ ಫೋರ್ಕ್ ಏಳುವ ಮುನ್ನವೇ ಮುಂದಿನ ಹೊಡೆತ ಬಿದ್ದು, ತಗ್ಗುತ್ತಾ ತಗ್ಗುತ್ತಾ ಕಲ್ಲಿನಂತೆ ಗಟ್ಟಿಯಾಗುತ್ತದೆ. 'ಫೋರ್ಕ್ ಕೆಟ್ಟಿದೆ' ಎಂದು ದೂರುವವರಲ್ಲಿ ಅರ್ಧ ಜನ ಒಂದೆರಡು ಕ್ಲಿಕ್ ವೇಗ ಹೆಚ್ಚಿಸಿದರೆ ಸಾಕು.

ಟೈರು ದಪ್ಪ ಗೋಡೆಯದೇ ಇರಲಿ. ನಮ್ಮ ಕಡೆ ಹಗುರ ಎಂದು ಹಾಕಿಸುವ ಟೈರಿನ ಗೋಡೆಯನ್ನು ಆಲ್ಪ್ಸ್‌ನ ಕಲ್ಲಂಚು ಮೊದಲ ದಿನವೇ ಸೀಳುತ್ತದೆ. 75 ಕೆ.ಜಿ. ಸವಾರನಿಗೆ ಟ್ಯೂಬ್‌ಲೆಸ್‌ನಲ್ಲಿ ಮುಂದೆ 22ರಿಂದ 24 ಪಿಎಸ್ಐ, ಹಿಂದೆ 25ರಿಂದ 28. ಇದಕ್ಕಿಂತ ಗಟ್ಟಿ ಮಾಡಿದರೆ ಬೇರಿನ ಮೇಲೆ ಜಾರುತ್ತದೆ, ಮೆತ್ತಗೆ ಮಾಡಿದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ. 29 ಇಂಚಿನ ಟೈರಿಗೆ ಸೀಲೆಂಟ್ (ತೂತು ಮುಚ್ಚುವ ದ್ರವ) 100ರಿಂದ 120 ಎಂ.ಎಲ್. ಚೀಲದಲ್ಲಿ ಪ್ಲಗ್ ಕಿಟ್, ಒಂದು ಟ್ಯೂಬ್, ಪಂಪ್, ಟಿ25 (ನಕ್ಷತ್ರದಾಕಾರದ ತುದಿ) ಇರುವ ಅಲೆನ್ ಕೀ ಸೆಟ್, 12 ಸ್ಪೀಡ್ ಚೈನಿನ ಕ್ವಿಕ್ ಲಿಂಕ್, ನಾಲ್ಕು ಜಿಪ್ ಟೈ. ಅದಕ್ಕಿಂತ ಹೆಚ್ಚು ಹೊತ್ತರೆ ಬೆನ್ನಿಗೆ ಭಾರ, ಬಿದ್ದಾಗ ಬೆನ್ನೆಲುಬಿಗೆ ಚುಚ್ಚು.

ಹನ್ನೆರಡು ವಾರ, ಮನೆಯಲ್ಲೇ

ಹಿಡಿತಕ್ಕೆ ಎರಡೇ ವ್ಯಾಯಾಮ ಸಾಕು. ಒಂದು, ಬಾರ್ ಹಿಡಿದು ನೇತಾಡುವುದು: 20 ಸೆಕೆಂಡಿನ ಮೂರು ಸುತ್ತಿನಿಂದ ಶುರುಮಾಡಿ ಹನ್ನೆರಡು ವಾರದಲ್ಲಿ 60 ಸೆಕೆಂಡಿಗೆ. ಎರಡು, ಎರಡೂ ಕೈಯಲ್ಲಿ 15 ಲೀಟರಿನ ನೀರು ತುಂಬಿದ ಬಕೆಟ್ ಹಿಡಿದು ಅಪಾರ್ಟ್‌ಮೆಂಟಿನ ಮೆಟ್ಟಿಲು ಇಳಿಯುವುದು. ಇಳಿಯುವುದೇ ಮುಖ್ಯ, ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಾ ಭಾರ ತಡೆಯುವುದು ಆಗಲೇ. ಟ್ರೇಲಿನಲ್ಲಿ ಪೆಡಲಿನ ಮೇಲೆ ನಿಂತು ಇಳಿಯುವಾಗಲೂ ಅದೇ ಕೆಲಸ. ಮೇಲಕ್ಕೆ ಲಿಫ್ಟಿನಲ್ಲೇ ಹೋಗಿ, ಅಲ್ಲೂ ಹಾಗೇ ತಾನೇ. ಇದರ ಜೊತೆ ಪುಷ್‌ಅಪ್, ಪ್ಲ್ಯಾಂಕ್ ವಾರಕ್ಕೆ ಮೂರು ದಿನ.

ಸೈಕಲ್ ಮೇಲೆ ಮಾಡಬೇಕಾದ್ದು ಸೀಟು ಪೂರ್ತಿ ಇಳಿಸಿ, ಕೂರದೆ, 15 ನಿಮಿಷ ನಿಂತೇ ಓಡಿಸುವ ಅಭ್ಯಾಸ. ಸವಾರಿಗೆ ಬಿಡುವ ಮಣ್ಣು ದಾರಿ ಹತ್ತಿರವಿದ್ದರೆ ಸರಿ, ಇಲ್ಲದಿದ್ದರೆ ಹಳ್ಳಿ ಕಡೆಯ ಕಿತ್ತ ರಸ್ತೆಯಾದರೂ ಆದೀತು. ಖಾಲಿ ಮೈದಾನದಲ್ಲಿ ಎರಡು ಚಪ್ಪಲಿ ಇಟ್ಟು ಎಂಟರ ಆಕಾರದಲ್ಲಿ ಸುತ್ತಿ: ತಿರುವಿನ ಹೊರಗಿನ ಕಾಲು ಕೆಳಗೆ, ಕಣ್ಣು ತಿರುವು ಮುಗಿಯುವ ಕಡೆಗೆ. ಆಮೇಲೆ ಜೋರಾಗಿ ಬಂದು ಗುರುತಿನ ಮೇಲೆ ನಿಲ್ಲಿಸುವ ಅಭ್ಯಾಸ, ಒಂದೇ ಬೆರಳಲ್ಲಿ, ಹಿಮ್ಮಡಿ ಕೆಳಗೆ ಒತ್ತಿ, ಸೊಂಟ ಹಿಂದಕ್ಕೆ ತಗ್ಗಿಸಿ.

ಮೈಮೇಲಿನ ಸಾಮಾನಿನಲ್ಲಿ ಫುಲ್ ಫೇಸ್ ಹೆಲ್ಮೆಟ್, ಮಂಡಿಯ ಗಾರ್ಡು ಕಡ್ಡಾಯ ಎಂದುಕೊಳ್ಳಿ. ಮೊಣಕೈ ಗಾರ್ಡು, ಬೆನ್ನಿನ ರಕ್ಷಣೆ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಹೆಲ್ಮೆಟ್, ಶೂ, ಕೈಗವಸು ಮಾತ್ರ ನಿಮ್ಮವೇ ಇರಲಿ, ನಿಮ್ಮ ಮೈಗೆ ಹೊಂದಿದವು. ಕೈಗವಸು ಎರಡು ಜೊತೆ: ಒದ್ದೆಯಾದದ್ದು ಬೆಳಿಗ್ಗೆ ಒಣಗಿರುವುದಿಲ್ಲ, ಒದ್ದೆ ಕೈಗವಸಿನಲ್ಲಿ ಒಂದು ಗಂಟೆಯಲ್ಲಿ ಬೊಬ್ಬೆ ಏಳುತ್ತದೆ. ಚಪ್ಪಟೆ ರಬ್ಬರ್ ಅಟ್ಟೆಯ ಶೂ, ಮೊಳೆ ಇರುವ ಫ್ಲಾಟ್ ಪೆಡಲ್. ಶೂ ಸಿಕ್ಕಿಕೊಳ್ಳುವ ಕ್ಲಿಪ್ ಪೆಡಲ್ ಕಲಿಯಲು ಇದು ಜಾಗವಲ್ಲ.

ಮೊದಲೆರಡು ದಿನ

ಟ್ರೇಲುಗಳಿಗೆ ಸ್ಕೀ ದಾರಿಯಂತೆಯೇ ಬಣ್ಣ: ಹಸಿರು, ನೀಲಿ, ಕೆಂಪು, ಕಪ್ಪು. ಊರಿನಲ್ಲಿ ಎಷ್ಟೇ ಪಳಗಿದವರಾದರೂ ಮೊದಲ ದಿನ ಹಸಿರು ಒಂದು ಸಲ, ಆಮೇಲೆ ನೀಲಿ. ಲೆ ಜೆ ಕಡೆ ಇವು ಹದವಾಗಿವೆ, ಅಲ್ಲಿಂದಲೇ ಶುರುಮಾಡಿ. ಲಿಫ್ಟಿಗೆ ಸೈಕಲ್ ಸಿಕ್ಕಿಸುವುದನ್ನು ಸಿಬ್ಬಂದಿ ತೋರಿಸಿಕೊಡುತ್ತಾರೆ, ಮುಂದಿನವರು ಮಾಡುವುದನ್ನು ನೋಡಿಕೊಂಡರೂ ಸಾಕು. ಮೊದಲ ಇಳಿತದಲ್ಲಿ ಎರಡು ಮೂರು ಕಡೆ ನಿಲ್ಲಿ, ಟ್ರೇಲಿನ ಅಂಚಿಗೆ ಪೂರ್ತಿ ಸರಿದು, ಮೇಲಿನಿಂದ ಬರುವವರಿಗೆ ಕಾಣುವ ಜಾಗದಲ್ಲಿ. ದಿಬ್ಬದ ಕೆಳಗೆ ಕಾಣದ ಕಡೆ ನಿಂತವರ ಮೇಲೆಯೇ ಸೈಕಲ್ ಬೀಳುವುದು.

ತಿರುವಿಗೆ ಮೊದಲೇ ಗಟ್ಟಿಯಾಗಿ ಬ್ರೇಕ್ ಹಾಕಿ ಮುಗಿಸಿ, ತಿರುವಿನೊಳಗೆ ಲಿವರ್ ಬಿಟ್ಟುಬಿಡಿ. ಬಿಟ್ಟಾಗ ಕೈಗೂ ರೋಟರಿಗೂ ಎರಡು ಸೆಕೆಂಡು ವಿಶ್ರಾಂತಿ. ಇಡೀ ವಾರ ನಡೆಯುವುದು ಆ ಎರಡೆರಡು ಸೆಕೆಂಡುಗಳ ಮೇಲೆ. ಭಾರ ಪಾದದ ಮೇಲಿರಲಿ, ಹ್ಯಾಂಡಲ್ ಮೇಲೆ ಕೈ ಹಾಲಿನ ಲೋಟ ಹಿಡಿದಷ್ಟು ಹಗುರ. ಮಳೆ ಬಿದ್ದ ಬೇರಿನ ಮೇಲೆ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ. ಬೇರಿಗೆ ಮೊದಲೇ ನಿಧಾನಿಸಿ, ನೇರ ದಾಟಿ. 2011ರ ಡೌನ್‌ಹಿಲ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬ್ರಿಟನ್ನಿನ ಡ್ಯಾನಿ ಹಾರ್ಟ್ ಶಾಂಪೆರಿಯ ಇಳಿಜಾರನ್ನು ಮಳೆಯ ಕೆಸರಿನಲ್ಲಿ ಇಳಿದು 11 ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಗೆದ್ದ. ಆ ಓಟದ ವಿಡಿಯೋ ನೋಡಿ ಆನಂದಿಸಿ, ಆ ಟ್ರೇಲಿಗೆ ಮಾತ್ರ ಹೋಗಬೇಡಿ.

ಹುಲ್ಲುಗಾವಲಿನಲ್ಲಿ ಹಸುಗಳಿಗೆ ಕಟ್ಟಿದ ತಂತಿಯಲ್ಲಿ ಕರೆಂಟ್ ಇರುತ್ತದೆ, ಹಿಡಿಯಿರುವ ಕಡೆಯೇ ಹಿಡಿದು ತೆಗೆದು ಮತ್ತೆ ಹಾಕಬೇಕು. ಕುರಿ ಕಾಯುವ ದೊಡ್ಡ ಬಿಳಿ ನಾಯಿ ಎದುರಾದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು, ಮೆಲ್ಲಗೆ ಸುತ್ತು ಹಾಕಿ ನಡೆಯಿರಿ. ಓಡಿಸಿಕೊಂಡು ಹೋದರೆ ಅಟ್ಟಿಸಿಕೊಂಡು ಬರುತ್ತದೆ.

ಜುಲೈ, ಆಗಸ್ಟಿನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ಮಿಂಚು ಹತ್ತಿರ ಬಂದರೆ ಲಿಫ್ಟ್ ನಿಲ್ಲಿಸುತ್ತಾರೆ. ಆದ್ದರಿಂದ ದೂರದ ಸುತ್ತುಗಳನ್ನು ಬೆಳಿಗ್ಗೆಯೇ ಮುಗಿಸಿ. ಗಡಿ ದಾಟಿ ಸ್ವಿಸ್ ಕಡೆ ಇಳಿದ ದಿನ ವಾಪಸಾತಿಯ ಪ್ರತಿ ಲಿಫ್ಟಿನ ಕೊನೆಯ ಸಮಯವನ್ನು ಕಾಗದದಲ್ಲಿ ಬರೆದುಕೊಳ್ಳಿ, ಒಂದು ಗಂಟೆ ಮೊದಲೇ ತಿರುಗಿ. ಒಂದು ಲಿಫ್ಟ್ ತಪ್ಪಿದರೂ ಬೆಟ್ಟ ಸುತ್ತಿಕೊಂಡು ಟ್ಯಾಕ್ಸಿಯಲ್ಲಿ ಬರಬೇಕು, ಸೈಕಲ್ ಹಾಕಿಕೊಳ್ಳುವ ಟ್ಯಾಕ್ಸಿ ಸಿಕ್ಕರೆ. ಫೋನಿನ ಸಿಮ್ಮೂ ಅಲ್ಲೇ ಕೈಕೊಡುವುದು: ಫ್ರಾನ್ಸಿನ ಅನೇಕ ಪ್ಯಾಕ್‌ಗಳಲ್ಲಿ ಸ್ವಿಟ್ಜರ್ಲೆಂಡ್ ಸೇರಿರುವುದಿಲ್ಲ, ಗಡಿಯ ಗುಡ್ಡದ ಮೇಲೆ ಫೋನು ತಾನಾಗಿ ಸ್ವಿಸ್ ಟವರಿಗೆ ಹಾರಿ ಬಿಲ್ಲು ಏರಿಸುತ್ತದೆ. ನಕ್ಷೆ ಮೊದಲೇ ಇಳಿಸಿಕೊಂಡು ರೋಮಿಂಗ್ ಆಫ್ ಮಾಡಿ.

ಊಟಕ್ಕೆ ಅಡುಗೆ ಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ಹೊರಗಿನಿಂದ ಬರುವ ಹಾಲಿನ, ಮಾಂಸದ ಪದಾರ್ಥಗಳಿಗೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ, ಹಾಗಾಗಿ ಅಮ್ಮ ಕಟ್ಟಿಕೊಡುವ ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವೂ ಬೇಡ. ಸಸ್ಯಾಹಾರಿಗಳು ಆ ಕಡೆಯ ಹೆಸರಾಂತ ತಾರ್ತಿಫ್ಲೆತ್ ನೋಡಿ ಬರೀ ಆಲೂಗಡ್ಡೆ, ಚೀಸು ಎಂದುಕೊಂಡಾರು, ಅದರಲ್ಲಿ ಹಂದಿಮಾಂಸದ ತುಣುಕುಗಳಿರುತ್ತವೆ.

ಆರು ದಿನದಲ್ಲಿ ಮೂರನೇ ಅಥವಾ ನಾಲ್ಕನೇ ದಿನ ಸೈಕಲ್ ಮುಟ್ಟಬೇಡಿ. ದಿನದ ಕೊನೆಯ ಇಳಿತಕ್ಕೆ ಮುಂಚೆ, ಲಿಫ್ಟಿನ ತುದಿಯಲ್ಲಿ ನಿಂತು, ಒಂದೊಂದು ಬೆರಳಲ್ಲಿ ಎರಡೂ ಲಿವರನ್ನು ಗಟ್ಟಿಯಾಗಿ ಒತ್ತಿ ಹತ್ತು ಎಣಿಸಿ. ಎಣಿಕೆ ಮುಗಿಯುವ ಮೊದಲೇ ಬೆರಳು ಸಡಿಲವಾದರೆ ಸೈಕಲ್ಲನ್ನು ಮತ್ತೆ ಲಿಫ್ಟಿಗೆ ಸಿಕ್ಕಿಸಿ ಅದರಲ್ಲೇ ಕೆಳಗಿಳಿಯಿರಿ. ಯಾರೂ ನಗುವುದಿಲ್ಲ, ಸಂಜೆ ನಾಲ್ಕರ ನಂತರ ಆ ಲಿಫ್ಟಿನಲ್ಲಿ ನಿಮ್ಮಂಥವರು ಇನ್ನೂ ಇರುತ್ತಾರೆ.